ಕೈಕೊಡುವ ಕಾರಿನ ಮೋಹ

ಅಂಬಾಸಿಡರ್ ಕಾರಿನ ಬಗ್ಗೆ ಒಂದು ಹಳೆಯ ತಮಾಷೆಯಿದೆ. ಆ ಕಾರಿನಲ್ಲಿ ಹಾರ್ನ್ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಸದ್ದು ಮಾಡುತ್ತವಂತೆ. ಈ ಮಾತನ್ನು ಹೆಚ್ಚು ಹೇಳಿ ನಗುತ್ತಿದ್ದವರು ಅದನ್ನು ಓಡಿಸುತ್ತಿದ್ದವರೇ. ಹೊರಗಿನವರು ಹೇಳಿದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. ಮಗನನ್ನು ತಾಯಿ ಬೈಯಬಹುದು, ನೆರೆಮನೆಯವರು ಬೈಯಕೂಡದು ಎಂಬಂಥ ಒಂದು ಕಟ್ಟಳೆ ಇಲ್ಲಿ ಕೆಲಸ ಮಾಡುತ್ತಿತ್ತು.

ಕೆಡದ ಕಾರಿಗೆ ಕತೆಗಳಿರುವುದಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಗಿ, ಸಂಜೆ ಮನೆಗೆ ತಂದು ಬಿಡುವ ಕಾರಿನ ಬಗ್ಗೆ ಅದರ ಒಡೆಯನಿಗೆ ಬೆಲೆ, ಮೈಲೇಜು, ಸಾಲದ ಕಂತು ಇವಿಷ್ಟನ್ನು ಬಿಟ್ಟರೆ ಹೇಳಲು ಏನೂ ಇರುವುದಿಲ್ಲ. ಘಟ್ಟದ ತಿರುವಿನಲ್ಲಿ ರೇಡಿಯೇಟರ್ ಕುದಿಸಿಕೊಂಡು ನಿಂತುಬಿಡುವ ಕಾರಿನವನನ್ನು ಮಾತಾಡಿಸಿ ನೋಡಿ. ಅವನ ಬಳಿ ಅರ್ಧ ದಿನಕ್ಕಾಗುವಷ್ಟು ಕತೆಗಳಿರುತ್ತವೆ. ಆ ಕತೆಗಳಲ್ಲಿ ಕಾರು ಬರಿಯ ವಾಹನವಾಗಿರುವುದಿಲ್ಲ. ಅದಕ್ಕೆ ಮುನಿಸು ಬರುತ್ತದೆ, ಚಳಿ ಹಿಡಿಯುತ್ತದೆ, ಹೊಸಬರು ಕೂತರೆ ಗುರುತಾಗುತ್ತದೆ.

ಕಾರಿನ ಶೋಕಿಯವರು ಇದಕ್ಕೆ ‘ಕ್ಯಾರೆಕ್ಟರ್’ ಎನ್ನುತ್ತಾರೆ. ಕನ್ನಡದಲ್ಲಿ ಗುಣ ಅನ್ನಬಹುದೇನೋ. ಆದರೆ ನಮ್ಮ ಚಾಲಕರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತೊಂದಿದೆ: ಚಾಳಿ. ‘ಇದಕ್ಕೊಂದು ಚಾಳಿ ಉಂಟು, ಬೆಳಿಗ್ಗೆ ಹೊತ್ತು ಎರಡನೇ ಗೇರಿಗೆ ಬೀಳುವುದಿಲ್ಲ’ ಎನ್ನುತ್ತಾರೆ. ಗುಣವನ್ನು ಕಲ್ಲಿಗೂ ಕಬ್ಬಿಣಕ್ಕೂ ಹೇಳಬಹುದು. ಚಾಳಿ ಇರುವುದು ಉಸಿರಾಡುವ ಜೀವಕ್ಕೆ ಮಾತ್ರ. ಗೇರ್ ಪೆಟ್ಟಿಗೆಯ ಸವೆತವನ್ನು ಚಾಳಿ ಎಂದು ಕರೆದ ಗಳಿಗೆಯಲ್ಲೇ ಚಾಲಕನು ಯಂತ್ರದ ದೋಷವನ್ನು ಅದರ ಸ್ವಭಾವವನ್ನಾಗಿ ಮಾಡಿಕೊಂಡಿರುತ್ತಾನೆ.

ಇಂಥ ಕಾರುಗಳನ್ನು ಜನ ಯಾಕೆ ಪ್ರೀತಿಸುತ್ತಾರೆ? ಚಂದದ ರೂಪ, ಎಂಜಿನ್ನಿನ ದನಿ, ಹಳೆಯ ನೆನಪು ಇವೆಲ್ಲ ಇರುವುದರಿಂದ ಕೆಡುವುದನ್ನು ಸಹಿಸಿಕೊಳ್ಳುತ್ತಾರೆ ಎನ್ನುವುದು ಸಾಮಾನ್ಯವಾಗಿ ಸಿಗುವ ವಿವರಣೆ. ನನಗೆ ಇದು ತಲೆಕೆಳಗಾದ ವಿವರಣೆ ಅನ್ನಿಸುತ್ತದೆ. ಕೆಡುವುದನ್ನು ಸಹಿಸಿಕೊಂಡು ಪ್ರೀತಿಸುವುದಲ್ಲ, ಕೆಡುತ್ತದೆ ಎಂಬ ಕಾರಣದಿಂದಲೇ ಪ್ರೀತಿಸುವುದು ಇಲ್ಲಿ ನಡೆಯುತ್ತಿದೆ. ಸರಿಯಾಗಿ ಓಡುವ ಕಾರಿಗೆ ಯಾರು ಓಡಿಸಿದರೂ ಒಂದೇ. ಕೆಡುವ ಕಾರಿಗೆ ಒಬ್ಬ ನಿರ್ದಿಷ್ಟ ಮನುಷ್ಯ ಬೇಕು. ಲೋಕದಲ್ಲಿ ಬೇರೆ ಯಾರಿಗೂ ಬೇಡವಾದವನು ಕೂಡ ಅದಕ್ಕೆ ಬೇಕು.

ಈ ಮಾತಿಗೆ ನನಗೆ ಸಿಕ್ಕಿರುವ ದೊಡ್ಡ ಸಾಕ್ಷಿ ಒಂದು ಬಂಗಾಳಿ ಸಿನಿಮಾ. ಋತ್ವಿಕ್ ಘಟಕ್ ನಿರ್ದೇಶಿಸಿದ, 1958ರಲ್ಲಿ ತೆರೆಕಂಡ ‘ಅಜಾಂತ್ರಿಕ್’. ಸುಬೋಧ್ ಘೋಷ್ ಅವರ ಅದೇ ಹೆಸರಿನ ಸಣ್ಣಕತೆ ಇದಕ್ಕೆ ಆಧಾರ. ಕತೆ ನಡೆಯುವುದು ಆಗ ಬಿಹಾರಕ್ಕೆ ಸೇರಿದ್ದ, ಈಗ ಜಾರ್ಖಂಡ್ ಆಗಿರುವ ರಾಂಚಿ ಸೀಮೆಯ ಗುಡ್ಡಗಾಡಿನಲ್ಲಿ. ಬಿಮಲ್ ಎಂಬ ಟ್ಯಾಕ್ಸಿ ಚಾಲಕ, ಅವನ ಹತ್ತಿರ 1920ರ ಮಾದರಿಯ ಒಂದು ಶೆವ್ರೊಲೆ. ಹೊದಿಕೆ ಹರಿದಿದೆ, ಬಾಗಿಲು ಸಡಿಲ, ಮೈತುಂಬ ತಟ್ಟಿ ನೆಗ್ಗಿದ ಗುರುತು. ಟ್ಯಾಕ್ಸಿ ನಿಲ್ದಾಣದ ಇತರ ಚಾಲಕರಿಗೆ ಬಿಮಲ್ ಮತ್ತು ಅವನ ಕಾರು ದಿನನಿತ್ಯದ ತಮಾಷೆ. ಕಾಲಿ ಬ್ಯಾನರ್ಜಿ ಮಾಡಿರುವ ಈ ಬಿಮಲ್ ಒರಟ, ಜಗಳಗಂಟ, ಒಂಟಿ. ತಾಯಿ ತೀರಿಹೋದ ವರ್ಷವೇ ಕಾರು ತನ್ನ ಬಳಿಗೆ ಬಂತು ಎಂದು ಹೇಳಿಕೊಳ್ಳುತ್ತಾನೆ. ಇಷ್ಟು ಹೇಳಿದರೆ ಸಾಕು, ಆ ಕಾರು ಅವನಿಗೆ ಏನಾಗಿದೆ ಎಂಬುದು ತಿಳಿಯುತ್ತದೆ.

ಹೆಸರುಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಾರಿನ ಹೆಸರು ಜಗದ್ದಲ್. ಬಂಗಾಳಿಯಲ್ಲಿ ಜಗದ್ದಲ್ ಎಂದರೆ ಅಲುಗಾಡಿಸಲಾಗದ ಬಂಡೆ. ಎದೆಯ ಮೇಲೆ ಕೂತ ಭಾರಕ್ಕೂ ಈ ಮಾತನ್ನು ಬಳಸುತ್ತಾರೆ. ಓಡಬೇಕಾದ ಗಾಡಿಗೆ ಅಲುಗದ ಬಂಡೆ ಎಂದು ಹೆಸರಿಟ್ಟಿರುವುದು ಗೇಲಿಯೂ ಹೌದು, ಅಕ್ಕರೆಯೂ ಹೌದು. ಇನ್ನು ಸಿನಿಮಾದ ಹೆಸರು. ಅಜಾಂತ್ರಿಕ್ ಎಂದರೆ ಅಯಾಂತ್ರಿಕ, ಯಂತ್ರವಲ್ಲದ್ದು. ಕನ್ನಡಿಗರಿಗೆ ಅನುವಾದವೇ ಬೇಕಿಲ್ಲ. ಆದರೆ ಇಂಗ್ಲಿಷಿನಲ್ಲಿ ಈ ಸಿನಿಮಾಕ್ಕೆ ‘ದಿ ಪೆಥೆಟಿಕ್ ಫ್ಯಾಲಸಿ’ ಎಂಬ ಹೆಸರೂ ಅಂಟಿಕೊಂಡಿದೆ. ಇದು ಜಾನ್ ರಸ್ಕಿನ್ 1856ರಲ್ಲಿ ಹುಟ್ಟಿಸಿದ ವಿಮರ್ಶೆಯ ಪರಿಭಾಷೆ. ಕಡಲು ಅಳುತ್ತದೆ, ಮೋಡ ಮುನಿಯುತ್ತದೆ ಎಂದು ಕವಿಗಳು ಜಡವಸ್ತುವಿಗೆ ಮನುಷ್ಯರ ಭಾವ ಹೊರಿಸುವುದು ಒಂದು ಬಗೆಯ ಹುಸಿ ಎಂಬುದು ಅವನ ವಾದ. ಎರಡು ಹೆಸರುಗಳ ನಡುವಿನ ದೂರ ಗಮನಿಸಿ. ಬಂಗಾಳಿ ಹೆಸರು ಕಾರಿನ ಬಗ್ಗೆ ಮಾತಾಡುತ್ತದೆ, ಇದು ಬರೀ ಯಂತ್ರವಲ್ಲ ಎನ್ನುತ್ತದೆ. ಇಂಗ್ಲಿಷ್ ಹೆಸರು ಬಿಮಲನ ಬಗ್ಗೆ ತೀರ್ಪು ಕೊಡುತ್ತದೆ, ಇವನು ತಪ್ಪು ತಿಳಿದಿದ್ದಾನೆ ಎನ್ನುತ್ತದೆ. ಸಿನಿಮಾ ನೋಡಿದವರಿಗೆ ಮೊದಲನೆಯದೇ ಸರಿ ಅನ್ನಿಸದೆ ಇರದು.

ಯಾಕೆಂದರೆ ಘಟಕ್ ಹುಸಿ ಎನಿಸುವ ಹಾಗೆ ಚಿತ್ರಿಸುವುದಿಲ್ಲ. ಬಿಮಲ್ ರೇಡಿಯೇಟರಿಗೆ ನೀರು ಹುಯ್ಯುವಾಗ, ಬಾಯಾರಿದವರು ಗಟಗಟ ಕುಡಿಯುವ ಸದ್ದು ಕೇಳುತ್ತದೆ. ಕಾರಿನ ದೀಪಗಳು ಕಣ್ಣಿನಂತೆ ತಿರುಗುತ್ತವೆ. ಕೀರಲು, ನರಳಿಕೆ, ಗೊಣಗಾಟ ಎಲ್ಲವನ್ನೂ ಧ್ವನಿಪಟ್ಟಿಯಲ್ಲಿ ಬೇಕೆಂದೇ ಎತ್ತಿ ಕೇಳಿಸಲಾಗಿದೆ. ಅಲಿ ಅಕ್ಬರ್ ಖಾನ್ ಅವರ ಸಂಗೀತದ ಪಕ್ಕದಲ್ಲೇ ಈ ಕಬ್ಬಿಣದ ಗೊಣಗಾಟವೂ ಒಂದು ವಾದ್ಯವಾಗಿ ಕೂತುಬಿಟ್ಟಿದೆ. ಹಾಗಂತ ಇದು ಮಾತಾಡುವ ಕಾರಿನ ಮಕ್ಕಳ ಕತೆಯಲ್ಲ. ಸದ್ದುಗಳೆಲ್ಲ ಬಿಮಲನ ಕಿವಿಗೆ ಬೀಳುವ ಬಗೆಯಲ್ಲಿ ಬರುತ್ತವೆ. ಹದಿನೈದು ವರ್ಷ ಒಂದೇ ಎಂಜಿನ್ನಿನ ಹಿಂದೆ ಕೂತವನ ಕಿವಿ ಹೇಗಾಗುತ್ತದೆ ಎನ್ನುವುದನ್ನು ಘಟಕ್ ನಮಗೆ ಕೇಳಿಸುತ್ತಿದ್ದಾರೆ.

ಈ ಕಿವಿಯ ವಿಷಯ ಕಾರಿನ ಮೋಹದ ನಡುಮನೆ. ಹಳೆಯ ಕಾರುಗಳ ಒಳಗು ತೆರೆದಿಟ್ಟ ಪುಸ್ತಕದ ಹಾಗಿತ್ತು. ಕಾರ್ಬ್ಯುರೇಟರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಪಾಕ ಹದ ತಪ್ಪಿದರೆ ಎಂಜಿನ್ನಿನ ದನಿಯಲ್ಲಿ ಗೊತ್ತಾಗುತ್ತಿತ್ತು. ಚಳಿಗೆ ಚೋಕ್ ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕು ಎನ್ನುವುದು ಬೆರಳಿಗೆ ಗೊತ್ತಿರಬೇಕಾದ ವಿದ್ಯೆ. ಬೇಸಿಗೆಯ ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಅಂಬಾಸಿಡರ್, ಪದ್ಮಿನಿಗಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವು. ಎಂಜಿನ್ನಿನ ಮಗ್ಗುಲಲ್ಲೇ ಇರುವ ಪಂಪು ಮತ್ತು ಕೊಳವೆ ಕಾದು, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನು ಎಳೆಯಲು ಮಾಡಿದ ಪಂಪು ಆವಿಯನ್ನು ಎಳೆಯಲಾರದೆ ಸೋಲುತ್ತದೆ. ಹೊಸಬ ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿ ಖಾಲಿ ಮಾಡುತ್ತಾನೆ. ಬಲ್ಲವನು ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕಾಯುತ್ತಾನೆ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವುದಕ್ಕೂ ಇದಕ್ಕೂ ಕೈಯ ಚಲನೆಯಲ್ಲಿ ವ್ಯತ್ಯಾಸವೇ ಇಲ್ಲ. ಮೈಕಟ್ಟಿನ ಒಂದೇ ಅಭ್ಯಾಸ ಎರಡು ಕಡೆ ಬಳಕೆಯಾಗುವಾಗ ಭಾವವೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದರೆ ಅದನ್ನು ಹುಸಿ ಎನ್ನುವುದು ಹೇಗೆ?

ಈ ವಿದ್ಯೆಗೆ ಶಾಲೆ ಇರಲಿಲ್ಲ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುತ್ತ, ಬೈಸಿಕೊಳ್ಳುತ್ತ ಹುಡುಗರು ಇದನ್ನು ಕಲಿತರು. ಸಂಗೀತದ ಮನೆತನಗಳಿಗೂ ಗ್ಯಾರೇಜಿಗೂ ಉಸ್ತಾದ್, ಶಾಗಿರ್ದ್ ಎಂಬ ಮಾತುಗಳು ಸಮಾನವಾಗಿರುವುದು ಸುಮ್ಮನೆ ಅಲ್ಲ. ಎರಡೂ ಕಡೆ ಕಲಿಯಬೇಕಾದದ್ದು ಮೊದಲು ಕೇಳುವುದನ್ನು. ‘ಅಜಾಂತ್ರಿಕ್’ನಲ್ಲೂ ಬಿಮಲನ ಜತೆಗೆ ಸುಲ್ತಾನ್ ಎಂಬ ಸಣ್ಣ ಹುಡುಗನಿದ್ದಾನೆ. ವಿಮರ್ಶಕರು ಸಾಮಾನ್ಯವಾಗಿ ಅವನನ್ನು ಗಮನಿಸುವುದಿಲ್ಲ.

ಈಗ ಇನ್ನೊಂದು ಸಿನಿಮಾವನ್ನು ಪಕ್ಕದಲ್ಲಿಟ್ಟು ನೋಡಬೇಕು. ‘ಅಜಾಂತ್ರಿಕ್’ಗಿಂತ ಐದು ವರ್ಷ ಮೊದಲು, 1953ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಜೆನವೀವ್’. ನಿರ್ದೇಶಕ ಹೆನ್ರಿ ಕಾರ್ನೀಲಿಯಸ್. ಇಲ್ಲಿಯೂ ಒಂದು ಮುದಿ ಕಾರಿದೆ, 1904ರ ಡರಾಕ್. ಅದರ ಹೆಸರೇ ಜೆನವೀವ್. ಅಲನ್ ಎಂಬ ಬ್ಯಾರಿಸ್ಟರ್ ಅದರ ಒಡೆಯ. ಪ್ರತಿ ವರ್ಷ ಲಂಡನ್ನಿನಿಂದ ಬ್ರೈಟನ್‌ಗೆ ಹಳೆಯ ಕಾರುಗಳ ಓಟ ನಡೆಯುತ್ತದೆ. 1896ರಲ್ಲಿ ಮೋಟಾರು ಗಾಡಿಗಳ ವೇಗದ ಕಟ್ಟು ಸಡಿಲವಾದ ಸಂಭ್ರಮದಲ್ಲಿ ನಡೆದ ಓಟದ ನೆನಪಿಗೆ ಇದು. 1905ಕ್ಕಿಂತ ಮೊದಲು ತಯಾರಾದ ಕಾರುಗಳಿಗಷ್ಟೇ ಪ್ರವೇಶ. ಅಲನ್ ತನ್ನ ಹೆಂಡತಿ ವೆಂಡಿಯನ್ನು ಕೂರಿಸಿಕೊಂಡು ಹೊರಡುತ್ತಾನೆ. ದಾರಿಯುದ್ದಕ್ಕೂ ಕಾರು ಕೆಡುತ್ತದೆ. ಗೆಳೆಯನೊಬ್ಬನ ಜತೆ ಮಾತಿಗೆ ಮಾತು ಬೆಳೆದು, ಮರಳುವಾಗ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಯಾರು ಮೊದಲು ಮುಟ್ಟುತ್ತಾರೆ ಎಂದು 100 ಪೌಂಡಿನ ಪಂಥ ಬೀಳುತ್ತದೆ. ಕೊನೆಗೆ ಸೇತುವೆಯ ಹತ್ತಿರವೇ ಜೆನವೀವ್ ನಿಂತುಬಿಡುತ್ತದೆ. ಗೆಳೆಯನ ಕಾರಿನ ಚಕ್ರ ಟ್ರಾಮ್ ಹಳಿಯಲ್ಲಿ ಸಿಕ್ಕಿ ಬೇರೆ ದಿಕ್ಕಿಗೆ ಹೋಗುತ್ತದೆ. ಅಷ್ಟರಲ್ಲಿ ಜೆನವೀವ್‌ನ ಬ್ರೇಕು ಕಳಚಿ, ಅದು ತಾನಾಗಿಯೇ ಉರುಳಿ ಸೇತುವೆ ಸೇರುತ್ತದೆ. ಬ್ರೇಕು ಕೆಟ್ಟದ್ದರಿಂದ ಗೆಲುವು! ದೋಷವೇ ಗುಣವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಇದು ನಗಿಸುವ, ಒಳ್ಳೆಯ ಸಿನಿಮಾ. ಅದರಲ್ಲಿ ಒಂದು ದೃಶ್ಯವಂತೂ ಮನಸ್ಸಿನಲ್ಲಿ ಉಳಿಯುತ್ತದೆ. ಪಂಥದ ಕೊನೆಯ ಆತುರದಲ್ಲಿರುವಾಗ ಒಬ್ಬ ಮುದುಕ ಬಂದು, ಯೌವನದಲ್ಲಿ ತನ್ನ ಬಳಿಯೂ ಇಂಥದೇ ಡರಾಕ್ ಇತ್ತೆಂದು ಮಾತಿಗೆ ನಿಲ್ಲುತ್ತಾನೆ. ಅಲನ್ ಪಂಥ ಸೋತರೂ ಚಿಂತೆಯಿಲ್ಲವೆಂದು ಅವನಿಗೆ ಸಮಯ ಕೊಡುತ್ತಾನೆ. ಕಾರಿನ ಮೋಹ ಮನುಷ್ಯರ ಕಡೆಗೆ ತಿರುಗುವ ಗಳಿಗೆ ಅದು.

ಆದರೆ ಎರಡು ಸಿನಿಮಾಗಳನ್ನು ಒಟ್ಟಿಗೆ ನೋಡಿದರೆ ಒಂದು ಸತ್ಯ ಎದ್ದು ಕಾಣುತ್ತದೆ. ಜೆನವೀವ್ ಕೆಟ್ಟರೆ ಅಲನ್ನಿನ ಮಾನ ಹೋಗಬಹುದು, 100 ಪೌಂಡ್ ಹೋಗಬಹುದು, ಹೆಂಡತಿ ಮುನಿಸಿಕೊಳ್ಳಬಹುದು. ಸೋಮವಾರ ಅವನು ಕೋರ್ಟಿಗೆ ಹೋಗುವುದಕ್ಕೆ ಆ ಕಾರು ಬೇಕಿಲ್ಲ. ಜಗದ್ದಲ್ ಕೆಟ್ಟರೆ ಬಿಮಲನಿಗೆ ಆ ದಿನದ ಊಟವಿಲ್ಲ. ಕೆಡುವ ಕಾರನ್ನು ಪ್ರೀತಿಸುವವರೆಲ್ಲ ಒಂದೇ ಜಾತಿ ಎಂದು ಕಾರಿನ ಬರಹಗಾರರು ತಿಳಿದಂತಿದೆ. ಹಾಗಲ್ಲ. ಒಬ್ಬನಿಗೆ ಕೆಡುವುದು ಬಿಡುವಿನ ದಿನದ ಸಾಹಸ. ಇನ್ನೊಬ್ಬನಿಗೆ ಅದು ಕಸುಬಿನ ಅಪಾಯ. ಮೊದಲನೆಯವನು ಬೇರೆ ಕಾರು ಕೊಳ್ಳಬಲ್ಲ, ಆದರೂ ಇದನ್ನೇ ಆರಿಸಿಕೊಂಡಿದ್ದಾನೆ. ಎರಡನೆಯವನಿಗೆ ಆಯ್ಕೆ ಇರಲಿಲ್ಲ. ಸಿಕ್ಕಿದ್ದನ್ನೇ ಪ್ರೀತಿಸಿ ಬಾಳುವುದನ್ನು ಅವನು ಕಲಿತ. ಬಡವರು ಮದುವೆಗಳಲ್ಲಿ, ಮನೆಗಳಲ್ಲಿ, ಊರುಗಳಲ್ಲಿ ಕಲಿಯುವಂಥದೇ ಪಾಠ ಇದು. ಹೀಗೆ ಹುಟ್ಟಿದ ಪ್ರೀತಿ ಕಡಿಮೆಯದು ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಶೋಕಿ ಎನ್ನುವುದು ಅವಮಾನ.

ಶೋಕಿಯವರ ಪ್ರೀತಿಯೂ ಪೂರ್ತಿ ಪೊಳ್ಳಲ್ಲ ಎನ್ನುವುದಕ್ಕೆ ಒಂದು ಸೋಜಿಗದ ಪುರಾವೆ ಇದೆ. ಎರಡೇ ಸೀಟಿನ, ಮೇಲ್ಚಾವಣಿ ಮಡಚುವ ಬ್ರಿಟಿಷ್ ಕಾರುಗಳು ಚೆಲುವಿಗೂ ಕೆಡುವುದಕ್ಕೂ ಹೆಸರಾಗಿದ್ದವು. ಜಪಾನಿನ ಮಜ್ದಾ ಕಂಪನಿ ಇವುಗಳನ್ನು, ಮುಖ್ಯವಾಗಿ ಲೋಟಸ್ ಎಲಾನ್ ಕಾರನ್ನು ಚೆನ್ನಾಗಿ ಗಮನಿಸಿ, ಅದೇ ಹಗುರ ಮೈಯ, ಅದೇ ಖುಷಿ ಕೊಡುವ, ಆದರೆ ಕೆಡದ ಕಾರೊಂದನ್ನು 1989ರಲ್ಲಿ ಹೊರತಂದಿತು. ಅದೇ ಮಿಯಾಟಾ. ಸೈಲೆನ್ಸರಿನಿಂದ ಹೊರಡುವ ದನಿಯನ್ನೂ ಹಳೆಯ ಕಾರುಗಳ ನೆನಪಾಗುವಂತೆ ಹದಗೊಳಿಸಿದರು. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂಬ ದಾಖಲೆ ಅದರದು. ಅಂದರೆ ಗುಣ ಬೇರೆ, ಚಾಳಿ ಬೇರೆ, ಎರಡನ್ನೂ ಬಿಡಿಸಿ ಇಡಬಹುದು ಎಂದು ಸಾಬೀತಾಯಿತು. ಚಂದ, ದನಿ, ಓಟದ ಸುಖ ಇಷ್ಟೇ ಬೇಕಿದ್ದರೆ ಅಂದಿಗೇ ಹಳೆಯ ಬ್ರಿಟಿಷ್ ಕಾರುಗಳ ಮೋಹ ಮುಗಿಯಬೇಕಿತ್ತು. ಮುಗಿಯಲಿಲ್ಲ. ವಾರವಿಡೀ ಎಣ್ಣೆ ಸೋರುವುದನ್ನು ಒರೆಸಿ, ಭಾನುವಾರ ಅರ್ಧ ಗಂಟೆ ಓಡಿಸುವವರು ಈಗಲೂ ಇದ್ದಾರೆ. ಅವರಿಗೆ ಕಾರಿನಿಂದ ಬೇಕಾದದ್ದು ಓಟವಲ್ಲ, ಒರೆಸುವ ಕೆಲಸ. ಕಚೇರಿಯಲ್ಲಿ ತಮ್ಮ ಕೈಯಿಂದ ಏನೂ ಆಗದ ಜನಕ್ಕೆ, ತನ್ನ ಕೈಯಿಂದಲೇ ಮತ್ತೆ ಉಸಿರಾಡುವ ಒಂದು ವಸ್ತು ಬೇಕು.

ಇಲ್ಲಿಯವರೆಗೆ ಈ ಪ್ರೀತಿಯ ಪರವಾಗಿ ಮಾತಾಡಿದ್ದಾಯಿತು. ಇನ್ನು ಅದರ ಮತ್ತೊಂದು ಮುಖವನ್ನು ನೋಡದೆ ಬಿಡುವುದು ನ್ಯಾಯವಲ್ಲ.

ಕಾರು ಕೆಟ್ಟು ನಿಂತಾಗ ತಳ್ಳುವವರು ಯಾರು? ಒಡೆಯ ಸ್ಟೇರಿಂಗ್ ಹಿಡಿದು ಕೂತಿರುತ್ತಾನೆ. ಇಳಿದು ತಳ್ಳುವವರು ಕ್ಲೀನರ್ ಹುಡುಗ, ಬಾಡಿಗೆ ಕೊಟ್ಟ ಪ್ರಯಾಣಿಕರು, ದಾರಿಹೋಕರು. ಆಮೇಲೆ ಕತೆ ಹೇಳುವಾಗ ಮಾತ್ರ ಅದು ಒಡೆಯನ ಕತೆ. ‘ಅಜಾಂತ್ರಿಕ್’ ಶುರುವಾಗುವುದೇ ಟ್ಯಾಕ್ಸಿಗಾಗಿ ಪರದಾಡುವ ಒಬ್ಬ ಮದುಮಗ ಮತ್ತು ಅವನ ಮಾವನಿಂದ. ಮುಹೂರ್ತ ಮೀರುತ್ತಿದೆ, ಸಿಕ್ಕಿದ್ದು ಜಗದ್ದಲ್. ಅವರ ಪಾಡಿಗೆ ನಾವು ನಗುತ್ತೇವೆ, ಏಕೆಂದರೆ ಕ್ಯಾಮೆರಾ ಬಿಮಲನ ಕಡೆಗಿದೆ. ಅದೇ ಗಾಡಿಯಲ್ಲಿ ಮದುಮಗನ ಬದಲು ಹೆರಿಗೆ ನೋವಿನ ಹೆಂಗಸು ಕೂತಿದ್ದರೆ ನಾವು ನಗುತ್ತಿರಲಿಲ್ಲ. ಚಾಳಿಯ ಗಾಡಿಗಳಿಗೆ ಮರುಳಾಗುವ ಬರಹಗಳಲ್ಲಿ ಹಿಂದಿನ ಸೀಟಿನವರು ಕಾಣಿಸುವುದೇ ಇಲ್ಲ. ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಸೊಂಟ ಹಿಡಿದು ಕೂತು ಘಟ್ಟ ಹತ್ತಿದವರು ಅದರ ಬಗ್ಗೆ ಏನು ಬರೆಯುತ್ತಿದ್ದರೋ. ‘ಜೆನವೀವ್’ನಲ್ಲಿ ಕನಿಷ್ಠ ವೆಂಡಿಗೆ ಮಾತಿದೆ. ದಾರಿಯಲ್ಲಿ ಬಿಸಿಲಿಗೆ ಮಳೆಗೆ ಕೂತು ಕಾಯುವವಳ ಬೇಸರವನ್ನು ಆ ಹಗುರ ಸಿನಿಮಾ ಹೇಳಿದಷ್ಟು ನಮ್ಮ ಗಂಭೀರ ಸಿನಿಮಾ ಹೇಳಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಬಿಮಲ್ ಜಗದ್ದಲನ ನಿಷ್ಠೆಯನ್ನು ಹಾಡಿಹೊಗಳುತ್ತಾನೆ. ನಿಷ್ಠೆ ಎನ್ನುವುದು ಒಡೆಯರು ಆಳುಗಳ ಬಗ್ಗೆ ಬಳಸುವ ಮಾತು. ದುಡಿಯುತ್ತದೆ, ಕೇಳುವುದಿಲ್ಲ, ಬಿಟ್ಟುಹೋಗುವುದಿಲ್ಲ. ಇದೇ ಘಟಕ್ ಎರಡು ವರ್ಷಗಳ ನಂತರ, 1960ರಲ್ಲಿ, ‘ಮೇಘೇ ಢಾಕಾ ತಾರಾ’ ಮಾಡಿದರು. ಅಲ್ಲಿ ನೀತಾ ಎಂಬ ಹುಡುಗಿ ನಿರಾಶ್ರಿತ ಕುಟುಂಬವೊಂದನ್ನು ಒಬ್ಬಳೇ ದುಡಿದು ಸಾಕುತ್ತಾಳೆ. ಮನೆಯವರೆಲ್ಲ ಅವಳನ್ನು ಪ್ರೀತಿಸುತ್ತಾರೆ, ಎಲ್ಲರೂ ಅವಳನ್ನು ಸವೆಸುತ್ತಾರೆ. ಕ್ಷಯ ಹಿಡಿದು ಆಸ್ಪತ್ರೆ ಸೇರಿದ ಮೇಲೆ ತಾನು ಬದುಕಬೇಕೆಂದು ಅವಳು ಚೀರುತ್ತಾಳೆ. ‘ಅಜಾಂತ್ರಿಕ್’ ಅನ್ನು ಆ ಸಿನಿಮಾದ ಬೆಳಕಿನಲ್ಲಿ ಹಿಂದಿರುಗಿ ನೋಡಿದರೆ ಜಗದ್ದಲನ ನರಳಿಕೆ ಬೇರೆ ರೀತಿ ಕೇಳಿಸತೊಡಗುತ್ತದೆ. ದುಡಿದು ಹಾಕುವವರ ಮೇಲಿನ ಪ್ರೀತಿ ಮತ್ತು ಅವರನ್ನು ಸವೆಸುವುದು ಒಂದೇ ಮನೆಯಲ್ಲಿ ಜತೆಯಾಗಿ ಬಾಳುತ್ತವೆ. ಘಟಕ್‌ಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಇಲ್ಲವಾದರೆ ಅವರು ಬಂಡೆಗಳ ದೃಶ್ಯ ಇಡುತ್ತಿರಲಿಲ್ಲ.

ಆ ದೃಶ್ಯಕ್ಕೆ ಬರುವ ದಾರಿ ಹೀಗಿದೆ. ಪ್ರಿಯಕರನ ಜತೆ ಓಡಿಬಂದ ಹುಡುಗಿಯೊಬ್ಬಳು ಜಗದ್ದಲ್ ಹತ್ತುತ್ತಾಳೆ. ಆಮೇಲೆ ಆ ಗಂಡಸು ಅವಳ ಒಡವೆಯೊಂದಿಗೆ ಪರಾರಿಯಾಗುತ್ತಾನೆ. ಒಬ್ಬಂಟಿಯಾದ ಅವಳ ಬಗ್ಗೆ ಬಿಮಲನಲ್ಲಿ ಏನೋ ಮಿಡಿಯುತ್ತದೆ, ಅವನು ಅದುವರೆಗೆ ಅರಿಯದ್ದು. ಅವಳನ್ನು ರೈಲಿಗೆ ಬಿಡುತ್ತಾನೆ. ಅಲ್ಲಿಂದ ಮುಂದೆ ಕಾರು ಅವನ ಮಾತು ಕೇಳುವುದಿಲ್ಲ. ಮತ್ಸರ ಎನ್ನುವಂತೆ ಘಟಕ್ ಇದನ್ನು ತೋರಿಸುತ್ತಾರೆ. ಬಿಮಲ್ ಕೂಡಿಟ್ಟ ಹಣವನ್ನೆಲ್ಲ ಸುರಿದು ಹೊಸ ಬಿಡಿಭಾಗ ತಂದು ಹಾಕುತ್ತಾನೆ. ಆಮೇಲೆ ಪರೀಕ್ಷೆ ಮಾಡುವ ಹಟಕ್ಕೆ ಬಿದ್ದು ಗಾಡಿಯಲ್ಲಿ ಬಂಡೆಗಲ್ಲುಗಳನ್ನು ಹೇರುತ್ತಾನೆ. ಬಂಡೆ ಎಂಬ ಹೆಸರಿನ ಗಾಡಿಯ ಮೇಲೆ ಬಂಡೆಗಳ ಹೇರು. ಪ್ರೀತಿಯನ್ನು ಸಾಬೀತು ಮಾಡು ಎಂದು ಹೀಗೆ ಹೊರೆ ಹೇರುವವರನ್ನು ನಾವು ಮನೆಮನೆಯಲ್ಲೂ ಕಂಡಿದ್ದೇವೆ. ‘ನನಗಾಗಿ ಇಷ್ಟೂ ಮಾಡಲಾರೆಯಾ’ ಎಂಬ ಮಾತಿನ ಕಬ್ಬಿಣದ ರೂಪ ಅದು. ಜಗದ್ದಲ್ ಆ ಭಾರಕ್ಕೆ ಮತ್ತೆ ಏಳುವುದಿಲ್ಲ.

ಹಾಗಾದರೆ ಬಿಮಲ್ ಕಟುಕನೇ? ಅಲ್ಲ. ಸಿನಿಮಾದಲ್ಲಿ ಮತ್ತೆ ಮತ್ತೆ ಒರಾಂವ್ ಆದಿವಾಸಿಗಳ ಕುಣಿತ, ಮೆರವಣಿಗೆ ಬರುತ್ತದೆ. ಅವರ ಕುಡುಖ್ ನುಡಿ ನಮ್ಮ ಕನ್ನಡಕ್ಕೆ ದೂರದ ನೆಂಟ, ದ್ರಾವಿಡ ಬಳಗದ್ದು. ಘಟಕ್ ಇದಕ್ಕೆ ಮೊದಲು ಆದಿವಾಸಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದವರು. ಕತೆಗೆ ಸಂಬಂಧವಿಲ್ಲದ ಈ ದೃಶ್ಯಗಳು ಯಾಕೆ ಎಂದು ಹಲವರು ಕೇಳಿದ್ದುಂಟು. ಕಲ್ಲು, ಮರ, ನೀರು ಎಲ್ಲಕ್ಕೂ ಜೀವ ಉಂಟೆಂದು ಬಾಳುವ ಜನರ ನಡುವೆ ಬಿಮಲನ ನಂಬಿಕೆ ಹುಚ್ಚಲ್ಲ ಎಂದು ಹೇಳಲು ಅವು ಬೇಕಾಗಿದ್ದವು ಎಂಬುದು ನನ್ನ ಓದು. ಆಯುಧಪೂಜೆಯ ದಿನ ಬಸ್ಸಿಗೂ ಆಟೋಕ್ಕೂ ಹಾರ ಹಾಕುವ, ಗಾಡಿಯ ಗಾಜಿನ ಮೇಲೆ 786 ಬರೆಸುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಮಲನನ್ನು ಹುಚ್ಚ ಎನ್ನುವವರು ಅವನ ಸುತ್ತ ಇರುವ ಪೇಟೆಯ ಜನ ಮಾತ್ರ.

ಸತ್ಯಜಿತ್ ರಾಯ್ ಕೂಡ 1962ರಲ್ಲಿ ‘ಅಭಿಜಾನ್’ ಎಂಬ ಟ್ಯಾಕ್ಸಿ ಚಾಲಕನ ಸಿನಿಮಾ ಮಾಡಿದರು. ಅದರ ನರಸಿಂಗ್‌ಗೂ ತನ್ನ ಹಳೆಯ ಕ್ರೈಸ್ಲರ್ ಎಂದರೆ ಜೀವ. ಆದರೆ ಅವನಿಗೆ ಕಾರು ತನ್ನ ರಜಪೂತ ಬಿಗುಮಾನದ ಕುದುರೆ. ಅಧಿಕಾರಿಯ ಕಾರನ್ನು ಹಿಂದಿಕ್ಕಿ ಪರವಾನಗಿ ಕಳೆದುಕೊಳ್ಳುತ್ತಾನೆ. ನರಸಿಂಗ್‌ಗೆ ಒಳ್ಳೆಯ ಕಾರು ಸಿಕ್ಕರೆ ಹಳೆಯದನ್ನು ಮರೆತಾನು. ಬಿಮಲ್ ಮರೆಯಲಾರ.

ಈಗ ಕಾಲ ಬದಲಾಗಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನ ಕೊನೆಗೆ ಮುಗಿಯಿತು. ಆ ವಾರ ಪತ್ರಿಕೆಗಳ ತುಂಬ ವಿದಾಯದ ಬರಹಗಳು. ಹೊಗೆ, ಬ್ರೇಕು, ಇಂಧನ ಇವನ್ನೆಲ್ಲ ನೋಡಿದರೆ ಆ ಗಾಡಿಗಳು ರಸ್ತೆಯಿಂದ ಹೋದದ್ದು ಒಳ್ಳೆಯದೇ, ಇದರಲ್ಲಿ ನನಗೆ ಅನುಮಾನವಿಲ್ಲ. ಅಂಥ ಹೊಗೆ ಕುಡಿದವರಲ್ಲಿ ಮೊದಲಿಗರು ಚಾಲಕರೇ. ವಿದಾಯದ ಬರಹಗಳಲ್ಲಿ ನನಗೆ ಕೊರತೆ ಅನ್ನಿಸಿದ್ದು ಬೇರೆ. ಅವು ಕಾರಿನ ಚೆಲುವಿಗೆ ಮರುಗಿದವು. ಕಾರಿನ ಜತೆ ಹೊರಟುಹೋದ ವಿದ್ಯೆಗೆ ಮರುಗಲಿಲ್ಲ.

ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳ. ಇಂಧನ, ಕಿಡಿ, ಗಾಳಿ ಎಲ್ಲದರ ಹದವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಏನಾದರೂ ಕೆಟ್ಟರೆ ಒಂದು ದೀಪ ಹತ್ತುತ್ತದೆ, ಅದರ ಅರ್ಥ ಓದಲು ಇನ್ನೊಂದು ಯಂತ್ರ ಬೇಕು. ಉಸ್ತಾದನ ಕಿವಿಗೆ ಇಲ್ಲಿ ಕೆಲಸವಿಲ್ಲ. ಆಪ್ ನಂಬಿ ಟ್ಯಾಕ್ಸಿ ಓಡಿಸುವ ಹುಡುಗನ ಕಾರು ಕೆಡುವುದು ಅಪರೂಪ. ಅದರ ಕಂತು ಕಟ್ಟಲು ಅವನು ಹಗಲೂ ರಾತ್ರಿ ಓಡಿಸುತ್ತಾನೆ. ಎಲ್ಲಿಗೆ ಹೋಗಬೇಕು, ಎಷ್ಟು ಸಿಗುತ್ತದೆ, ಎಷ್ಟು ನಕ್ಷತ್ರ ಎಲ್ಲವೂ ಫೋನಿನಲ್ಲಿ ಬರುತ್ತದೆ. ಕಂತು ತಪ್ಪಿದರೆ ಕಾರು ಬ್ಯಾಂಕಿನದು. ಅವನ ಜಾಗದಲ್ಲಿ ನಾಳೆ ಬೇರೆಯವನು ಕೂತರೆ ಕಾರಿಗೂ ಗೊತ್ತಾಗದು, ಕಂಪನಿಗೂ ಗೊತ್ತಾಗದು. ಜಗದ್ದಲ್ ಬಿಮಲನನ್ನು ಬಿಟ್ಟು ಬೇರೆ ಯಾರ ಕೈಗೂ ಚಾಲೂ ಆಗುತ್ತಿರಲಿಲ್ಲ ಎಂಬುದನ್ನು ಈ ಹುಡುಗನ ಪಕ್ಕದಲ್ಲಿ ನಿಂತು ನೆನೆಯಬೇಕು. ಬಿಮಲನಿಗಿದ್ದ ಘನತೆಯೆಲ್ಲ ಆ ಒಂದು ಕೊರತೆಯಿಂದ ಬಂದದ್ದು.

ಸಿನಿಮಾದ ಕೊನೆಯನ್ನು ಎಲ್ಲರೂ ಮೆಚ್ಚಿ ಬರೆದಿದ್ದಾರೆ. ಜಗದ್ದಲನನ್ನು ಗುಜರಿಯವನಿಗೆ ಮಾರಲಾಗುತ್ತದೆ. ಬಿಡಿಬಿಡಿಯಾಗಿ ಕಳಚಿದ ಅದರ ಮೈಯನ್ನು ಬಿಮಲನ ಕಣ್ಣೆದುರೇ ಒಯ್ಯುತ್ತಾರೆ. ಅವನು ಅಳುತ್ತ ನಿಂತಿರುವಾಗ ಹಾರ್ನಿನ ಸದ್ದು ಕೇಳುತ್ತದೆ. ತಿರುಗಿ ನೋಡಿದರೆ ಎಳೆಯ ಮಗುವೊಂದು ಕಳಚಿಬಿದ್ದ ಹಾರ್ನನ್ನು ಒತ್ತಿ ಆಡುತ್ತಿದೆ. ಬಿಮಲನ ಮುಖದಲ್ಲಿ ಅಳುವಿನ ನಡುವೆಯೇ ನಗು ಮೂಡುತ್ತದೆ. ಬಾಳು ಮುಂದುವರಿಯುತ್ತದೆ ಎಂಬ ಭರವಸೆಯ ಚಿತ್ರ ಎಂದು ಇದನ್ನು ಓದುವುದು ವಾಡಿಕೆ.

ಈ ಓದು ತಪ್ಪಲ್ಲ. ಆದರೆ ಅದು ಇನ್ನೊಂದು ಪಾತ್ರವನ್ನು ಮರೆತು ಮಾಡಿದ ಓದು. ಆ ಊರಿನಲ್ಲಿ ಬುಲಾಕಿ ಎಂಬ ಹುಚ್ಚನಿದ್ದಾನೆ. ಕೇಷ್ಟೋ ಮುಖರ್ಜಿ ಆ ಪಾತ್ರ ಮಾಡಿದ್ದಾರೆ, ಮುಂದೆ ಹಿಂದಿ ಸಿನಿಮಾದಲ್ಲಿ ಕುಡುಕನ ಪಾತ್ರಗಳಿಗೆ ಹೆಸರಾದ ಅದೇ ನಟ. ಬುಲಾಕಿಗೆ ತನ್ನ ಹಳೆಯ ಅಲ್ಯೂಮಿನಿಯಂ ಬೋಗುಣಿಯೇ ಸರ್ವಸ್ವ, ಅದನ್ನು ಯಾರೂ ಮುಟ್ಟುವಂತಿಲ್ಲ. ಅವನ ಬೋಗುಣಿ, ಬಿಮಲನ ಕಾರು ಎರಡೂ ಒಂದೇ ಎಂದು ನಾವು ಸಿನಿಮಾದುದ್ದಕ್ಕೂ ತಿಳಿದಿರುತ್ತೇವೆ. ಕೊನೆಯ ಹೊತ್ತಿಗೆ ಬುಲಾಕಿಯ ಕೈಯಲ್ಲಿ ಹೊಳೆಯುವ ಹೊಸ ಬೋಗುಣಿ ಬಂದಿರುತ್ತದೆ. ಹಳೆಯದರ ನೆನಪೇ ಇಲ್ಲದೆ ಅವನು ಅದನ್ನು ಎದೆಗೊತ್ತಿಕೊಂಡು ಕುಣಿಯುತ್ತಾನೆ. ಬೋಗುಣಿಯನ್ನು ಬುಲಾಕಿ ಯಾವತ್ತೂ ರಿಪೇರಿ ಮಾಡಿದವನಲ್ಲ.